ತಡೆದಿಟ್ಟ ಕರಡು

ಆ ಗುರುವಾರ ಮಲ್ಲಿನಾಥ ಕೊಲ್ಹಾಪುರದ ಶಾಹುಪುರಿಯ ಎರಡನೆಯ ಮಹಡಿಯ ಆಫೀಸಿಗೆ ಬಂದಾಗ ಜಿನಮತಿ ಅವನನ್ನು ಫ್ಯಾನ್ ರಿಪೇರಿಯವನೆಂದು ತಿಳಿದಳು. ಬೆಳಗಿನಿಂದ ಫ್ಯಾನಿನವನಿಗೆ ಮೂರು ಸಲ ಫೋನ್ ಮಾಡಿ ಕಾದು ಕುಳಿತಿದ್ದಳು. ಬಂದವನ ಕೈಯಲ್ಲಿ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ಗಂಟು, ಅಂಗಿಯ ತೋಳಿನ ಮೇಲೆ ಎಣ್ಣೆಯ ಕಲೆ.

“ಭಾಳ ಹೊತ್ತ ಮಾಡಿದ್ರಿ,” ಎಂದಳು, ಪುಸ್ತಕದಿಂದ ತಲೆ ಎತ್ತದೆ. “ಒಳಗಿನ ಖೋಲ್ಯಾಗ ಐತಿ ನೋಡ್ರಿ. ಮುಂಜಾನಿಂದ ಕಟಕಟ ಅನ್ನಾಕತ್ತೈತಿ.”

ಅವನು ಏನೋ ಹೇಳಲು ಬಾಯಿ ತೆರೆದ. ಹೇಳದೆ ಒಳಗೆ ಹೋದ. ತಿರುಗುತ್ತಿದ್ದ ಸ್ಟ್ಯಾಂಡ್ ಫ್ಯಾನಿನ ಕಂಬದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯನ ಹಾಗೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಅದನ್ನು ನಿಲ್ಲಿಸಿ, ಎರಡು ತಿರುಪು ಬಿಚ್ಚಿ, ಜೇಬಿನಲ್ಲಿದ್ದ ದಾರ ಸುತ್ತಿ, ಮತ್ತೆ ಹಚ್ಚಿದ. ಸದ್ದು ಹೋಯಿತು.

“ಬುಶ್ ಸವದೈತ್ರಿ. ಇವತ್ತಿಗೆ ನಡೀತೈತಿ. ಸೋಮವಾರ ಬದಲಿ ಮಾಡಬೇಕು.”

“ಹಂಗಾರ ಸೋಮವಾರ ಬರ್ರಿ.”

“ಬರತೇನಿ. ಆದ್ರ ನಾ ಬಂದದ್ದು ಪೇಟೆಂಟ್ ಮಾಡಸಾಕ ರೀ.”

ಆಗ ಅವಳು ತಲೆ ಎತ್ತಿದಳು. ನಗು ಅವನ ತುಟಿಗೆ ಬಂದಿರಲಿಲ್ಲ. ಕಣ್ಣಿನ ಕೊನೆಗೆ ಬಂದು ಅಲ್ಲೇ ಅಪ್ಪಣೆಗಾಗಿ ನಿಂತಿತ್ತು.

“ಅಯ್ಯ! ಮೊದಲ ಹೇಳಬಾರದೇನ್ರಿ?”

“ನೀವ ಭಾಳ ಸಿಟ್ಟಿನಾಗ ಇದ್ರಿ. ಸದ್ದ ನಿಂತ ಮ್ಯಾಲೆ ಹೇಳಿದ್ರಾತು ಅಂದೆ.”

ಒಳಗಿನಿಂದ ಆಫೀಸಿನ ಯಜಮಾನ ಆಬಾಸಾಹೇಬರ ಕೆಮ್ಮಿನೊಂದಿಗೆ ಬೆರೆತ ನಗು ಕೇಳಿತು. “ಯಾ, ಬಸಾ!” ಎಂದು ಮರಾಠಿಯಲ್ಲಿ ಕೂರಲು ಕರೆದರು. “ಬಾರಪ್ಪಾ ಒಳಗ. ನಮ್ಮ ಬಾಯಿಸಾಹೇಬ್ರು ಬಂದವರಿಗೆಲ್ಲಾ ಮೊದಲ ಒಂದ ಕೆಲಸಾ ಹಚ್ಚತಾರ.”

ಜಿನಮತಿ ಗಡಹಿಂಗ್ಲಜದವಳು. ವಯಸ್ಸು ಮೂವತ್ತೆರಡು. ಫಿಜಿಕ್ಸಿನಲ್ಲಿ ಎಂ.ಎಸ್ಸಿ. ಮಾಡಿ ಎಂಟು ವರ್ಷ ಬೇರೆ ಬೇರೆ ಕಾಲೇಜುಗಳಲ್ಲಿ ತಾಸಿನ ಮೇಲೆ ಪಾಠ ಹೇಳಿದ್ದಳು. ಪ್ರತಿ ಜೂನಿಗೆ ಅರ್ಜಿ, ಪ್ರತಿ ಏಪ್ರಿಲಿಗೆ ಬಿಡುಗಡೆ. ಅವಳ ತಂದೆ ತೀರಿಕೊಂಡಾಗ ಮಾತನಾಡಿಸಲು ಬಂದ ಅವರ ಗೆಳೆಯ ಆಬಾಸಾಹೇಬರು ಅವಳಿಗೆ ಹೊಸ ದಾರಿ ತೋರಿಸಿದರು. ಅವರು ಮೊದಲು ಕೆಮಿಸ್ಟ್ರಿ ಕಲಿಸುತ್ತಿದ್ದವರು, ಆಮೇಲೆ ಪೇಟೆಂಟ್ ಏಜೆಂಟರಾದವರು.

“ವಕೀಲಿ ಓದಬೇಕಾಗಿಲ್ಲ ಬಾಳ,” ಎಂದಿದ್ದರು, ಮಕ್ಕಳನ್ನು ಕರೆಯುವ ಮರಾಠಿ ಮಾತಿನಲ್ಲಿ. “ವಿಜ್ಞಾನದ ಡಿಗ್ರಿ ಇದ್ರ ಪರೀಕ್ಷಾಕ ಕೂಡಾಕ ಬರತೈತಿ. ಒಂದ ಪೇಪರ ಕಾಯ್ದೆದು, ಒಂದ ಬರವಣಗಿದು, ಆಮ್ಯಾಲೆ ಎದುರಿಗೆ ಕುಂಡ್ರಿಸಿ ಕೇಳತಾರ. ಕಾಯ್ದೆ ಯಾರರ ಬಾಯಿಪಾಠ ಮಾಡತಾರ. ಬರವಣಗಿ ಕೈಗೆ ಬರಬೇಕು.”

ಒಮ್ಮೆ ಕುಳಿತಿದ್ದಳು. ಬರವಣಿಗೆಯ ಪೇಪರಿನಲ್ಲಿ ನಪಾಸಾದಳು. ಆ ಪರೀಕ್ಷೆ ಪ್ರತಿ ವರ್ಷ ತಪ್ಪದೆ ಬರುವುದೂ ಇಲ್ಲ. ಮುಂದಿನದಕ್ಕಾಗಿ ಕೊಲ್ಹಾಪುರದಲ್ಲಿ ಒಂದು ಖೋಲಿ ಹಿಡಿದು, ಹಗಲು ಈ ಆಫೀಸಿನಲ್ಲಿ ಕೆಲಸ ಮಾಡುತ್ತ ಓದುತ್ತಿದ್ದಳು.

ಮಲ್ಲಿನಾಥ ಗಂಟು ಬಿಚ್ಚಿದ. ಒಂದು ಹಿತ್ತಾಳೆಯ ತೆಳು ಬಿಲ್ಲೆ, ಅದಕ್ಕೆ ಎರಡು ತಂತಿ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ.

“ಲಾಳಿ ಹಾರೂ ಮೊದಲ ಇದು ಮಗ್ಗಾ ನಿಂದ್ರಸತೈತ್ರಿ.”

ಅವನು ಇಚಲಕರಂಜಿಯ ಒಂದು ಪವರ್‌ಲೂಮ್ ಕಾರಖಾನೆಯಲ್ಲಿ ಜಾಬರ್, ಎಂದರೆ ಮಗ್ಗಗಳ ರಿಪೇರಿ ನೋಡಿಕೊಳ್ಳುವವನು. ಅಲ್ಲಿಯ ಲಾಳಿ ಮರದ್ದು, ಎರಡೂ ತುದಿಗೆ ಉಕ್ಕಿನ ಮೊನೆ. ಅಡ್ಡನೂಲು ಹೊತ್ತು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಅತ್ತಿತ್ತ ಓಡುತ್ತದೆ. ದಾರಿ ತಪ್ಪಿತೆಂದರೆ ಗುಂಡಿನ ಹಾಗೆ ಹೊರಗೆ ಹಾರುತ್ತದೆ. ನಾಲ್ಕು ವರ್ಷದ ಹಿಂದೆ ಅವನ ತಮ್ಮ ಜ್ಞಾನು ಹೀಗೇ ಹೋದ. ಇಪ್ಪತ್ತಾರರ ಹುಡುಗ, ಕಣತಲೆಗೆ ಬಡಿದಿತ್ತು.

“ಹಾರೂ ಮೊದಲ ಮಗ್ಗದ ಮೈ ಬ್ಯಾರೆ ನಡಗತೈತ್ರಿ. ಹಳೇ ಜಾಬರಗೋಳು ಕೈ ಇಟ್ಟ ಹೇಳತಾರ. ಆದ್ರ ಎಷ್ಟ ಮಗ್ಗದ ಮ್ಯಾಲೆ ಕೈ ಇಟಗೊಂಡ ನಿಂದ್ರಲಿ?” ಅವನ ದನಿ ಇಳಿಯಿತು. “ಅವತ್ತ ನಾ ಚಾ ಕುಡ್ಯಾಕ ಹೋಗಿದ್ದೆ.”

ಕೊನೆಯ ಮಾತನ್ನು ಅವನು ಆ ಬಿಲ್ಲೆಗೆ ಹೇಳಿದ.

ಜಿನಮತಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. “ನಡಗಿದ್ರ ಕರೆಂಟ್ ಕೊಡೂ ಬಿಲ್ಲಿ. ಎಂಟ ವರ್ಷ ಇದನ್ನ ಹಲಗಿ ಮ್ಯಾಲೆ ಬರದೀನಿ. ಕೈಯಾಗ ಹಿಡದದ್ದು ಇವತ್ತ. ಎಲ್ಲಿ ಸಿಕ್ತು ನಿಮಗ?”

“ಹಾಡೂ ಬೊಂಬಿ ಒಡದ ತಗದೇನಿ. ಬಾಜೂಮನಿ ಕೂಸು ಇನ್ನೂ ನನ್ನ ಕೂಡ ಮಾತಾಡೂದಿಲ್ಲ.”

ಅವಳಿಗೆ ನಗು ಬಂತು. ಸತ್ತವನ ಮಾತಿನ ಬೆನ್ನಿಗೇ ಬಂದ ನಗುವಿಗೆ ನಾಚಿ ಸೆರಗು ಬಾಯಿಗೆ ಹಿಡಿದಳು. ಅವನು ಅದನ್ನೂ ನೋಡಿದ.

ಮಗ್ಗ ತಯಾರಿಸುವ ಒಂದು ಕಂಪನಿ ಅವನ ಡಬ್ಬಿಯನ್ನು ಮಾಡಲು ಒಪ್ಪಿತ್ತು. ಪೇಟೆಂಟಿನ ಅರ್ಜಿ ಹಾಕಿದ ನಂಬರು ತಂದು ತೋರಿಸಿದರೆ ಸಾಕು, ದೀಪಾವಳಿಯೊಳಗೆ ಇಚಲಕರಂಜಿಯ ಹತ್ತಿರದ ಯಡ್ರಾವದ ನಲವತ್ತು ಮಗ್ಗಗಳಿಗೆ ಮೊದಲು ಹಚ್ಚುವುದು ಎಂದು ಮಾತಾಗಿತ್ತು.

“ಬಾಳ, ಇದನ್ನ ನೀನ ಬರಿ,” ಎಂದರು ಆಬಾಸಾಹೇಬರು. “ಪರೀಕ್ಷಾದ ತಾಲೀಮೂ ಆತು. ನೀ ‘ಆತು’ ಅಂದ ದಿವಸ ನಾ ಸಹಿ ಮಾಡಿ ಕಳಸತೇನಿ.”

ಜಿನಮತಿ ಮಲ್ಲಿನಾಥನಿಗೆ ಒಂದೇ ಮಾತು ಹೇಳಿದಳು. “ಅರ್ಜಿ ಹೋಗೂ ತನಾ ಯಾರಿಗೂ ತೋರಸಬ್ಯಾಡ್ರಿ. ನಾಕ ಮಂದಿ ಕಂಡ ಮ್ಯಾಲೆ ಕಾಯ್ದೆ ಅದನ್ನ ಹೊಸಾದು ಅನ್ನೂದಿಲ್ಲ.”

ಗುರುವಾರ ಅವನಿಗೆ ಪಾಳಿ ಇರಲಿಲ್ಲ. ಆಷಾಢ, ಶ್ರಾವಣದ ಎಲ್ಲ ಗುರುವಾರಗಳಿಗೂ ಅವನು ಬಂದ.

ಬರೆಯುವುದು ಸುಲಭವಾಗಿರಲಿಲ್ಲ. ಪೇಟೆಂಟಿನಲ್ಲಿ ಹಕ್ಕು ಕೇಳುವ ಭಾಗ ಒಂದಿರುತ್ತದೆ. ಕ್ಲೇಮ್ ಎನ್ನುತ್ತಾರೆ. ಏನು ನನ್ನದು ಎಂಬುದನ್ನು ಒಂದೇ ವಾಕ್ಯದಲ್ಲಿ, ಹೆಚ್ಚೂ ಆಗದ ಹಾಗೆ ಕಡಿಮೆಯೂ ಆಗದ ಹಾಗೆ ಹೇಳಬೇಕು.

“ಒಂದ ವಾಕ್ಯದಾಗ ಎಲ್ಲಾ ಹೆಂಗ ಹೇಳಾಕ ಬರತೈತ್ರಿ?” ಎಂದ ಅವನು.

“ಬರಬೇಕ್ರಿ. ಸುತ್ತಿ ಬಳಸಿ ಹೇಳಿದ್ರ ಯಾರೂ ನಂಬೂದಿಲ್ಲ.”

“ನನಗಂತೂ ಬರೂದಿಲ್ಲ. ಬರತಿದ್ರ ಎಂದೋ ಹೇಳಿಬಿಡತಿದ್ದೆ.”

“ಏನು?”

“ಅದs, ಬಿಲ್ಲಿ ವಿಚಾರ.” ಅವನು ಕಿಟಕಿಯ ಹೊರಗೆ ನೋಡತೊಡಗಿದ. ಕಿಟಕಿಯ ಹೊರಗೆ ಎದುರಿನ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಜಿನಮತಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಒಂದು ಸಲ ಅವಳೇ ಇಚಲಕರಂಜಿಗೆ ಹೋದಳು. ಕಾರಖಾನೆಯಲ್ಲಿ ಮಾತು ಕೇಳುವಂತಿರಲಿಲ್ಲ. ಗೋಡೆಗಳೂ ನಡುಗುತ್ತಿದ್ದವು, ಹತ್ತಿಯ ಧೂಳು ಅವಳ ಹುಬ್ಬಿನ ಮೇಲೆ ಕುಳಿತಿತು. ಮಲ್ಲಿನಾಥ ಒಂದು ಮಗ್ಗದ ಮುಂದೆ ನಿಂತು ಸನ್ನೆ ಮಾಡಿದ. ಅವಳಿಗೆ ತಿಳಿಯಲಿಲ್ಲ. ಕೈ ಚಾಚಿ, ಮುಟ್ಟಲೋ ಬೇಡವೋ ಎಂದು ನಡುವೆ ತಡೆದು, ಕೊನೆಗೆ ಎರಡು ಬೆರಳಿನಿಂದ ಅವಳ ಮಣಿಕಟ್ಟು ಹಿಡಿದು ಮಗ್ಗದ ಕಬ್ಬಿಣದ ಮೇಲೆ ಅಂಗೈ ಇಡಿಸಿದ. ಅದು ಜ್ಞಾನುವಿನ ಮಗ್ಗ. ಒಂದೇ ಸಮನಾದ ಮಿಡಿತ ಅವಳ ಮೊಣಕೈವರೆಗೂ ಹತ್ತಿತು. ಅವನು ಬೆರಳು ತೆಗೆದ ಮೇಲೂ ಅವಳು ಕೈ ತೆಗೆಯಲಿಲ್ಲ.

ಹೊರಗೆ ಬಂದಾಗ ಐದು ಗಂಟೆ. ಅವನು ಓಡಿಹೋಗಿ ಒಂದು ಪೊಟ್ಟಣ ತಂದ. “ಉಳ್ಳಾಗಡ್ಡಿ ಇಲ್ರಿ, ಬಟಾಟಿನೂ ಇಲ್ಲ. ನಿಂತ ಮಾಡಿಸೇನಿ. ಬರೇ ಮೆಣಸಿನಕಾಯಿ ಭಜಿ. ಹೊತ್ತ ಮುಳಗೂದರಾಗ ತಿಂದಬಿಡ್ರಿ.”

ಜೈನರ ಮನೆಯ ಈ ನೇಮಗಳನ್ನು ಅವಳು ಅವನಿಗೆ ಎಂದೂ ಹೇಳಿರಲಿಲ್ಲ. ಸಂಜೆಯಾದ ಮೇಲೆ ಆಬಾಸಾಹೇಬರ ಆಫೀಸಿನಲ್ಲಿ ಚಹದ ಕಪ್ಪನ್ನು ಅವಳು ಮುಟ್ಟದೆ ಬಿಡುವುದನ್ನು ನೋಡಿ ತಾನಾಗಿ ತಿಳಿದುಕೊಂಡಿದ್ದ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಖಾರದ್ದೇ ಎಂದುಕೊಂಡಳು.

ಭಾದ್ರಪದದಲ್ಲಿ ಕರಡು ಮುಗಿಯಿತು.

ಜೈನರ ಹತ್ತು ದಿನದ ದಶಲಕ್ಷಣ ಪರ್ವದ ನಡುವಿನ ದಿನ. ಕೊನೆಯ ವಾಕ್ಯ ಓದಿ ನೋಡಿದಾಗ ಅದರಲ್ಲಿ ಒಂದು ಶಬ್ದವೂ ಅಲ್ಲಾಡಲಿಲ್ಲ. ಪರೀಕ್ಷೆಯಲ್ಲಿ ನಪಾಸಾದವಳು ಇಂಥದ್ದನ್ನು ಬರೆದಳೆಂದು ಅವಳಿಗೇ ಹೆಮ್ಮೆಯಾಯಿತು. ಎದ್ದು ಆಬಾಸಾಹೇಬರ ಬಾಗಿಲಿನವರೆಗೆ ಹೋದಳು.

“ಆತೇನು?” ಎಂದರು ಅವರು.

ನಾಳೆ ಇದು ಹೋದರೆ ಮುಂದಿನ ಗುರುವಾರ ಯಾವ ಕಾರಣಕ್ಕೆ ಬರುತ್ತಾನೆ? ನಂಬರು ತೆಗೆದುಕೊಂಡು ಕೈ ಮುಗಿದು ಹೋಗುತ್ತಾನೆ.

“ಇನ್ನೊಮ್ಮೆ ತಿದ್ದತೇನಿ ಸರ್,” ಎಂದಳು.

ಪರ್ವ ಮುಗಿದ ಮರುದಿನ ಕ್ಷಮಾವಾಣಿ. ವರ್ಷದಲ್ಲಿ ಮಾಡಿದ ತಪ್ಪಿಗೆ ಜೈನರು ಸಿಕ್ಕವರಲ್ಲೆಲ್ಲ ಕ್ಷಮೆ ಕೇಳುವ ದಿನ. ಬೆಳಿಗ್ಗೆ ಬಸದಿಗೆ ಹೋಗಿ ಬಂದಳು, ತಾಯಿಗೆ ಫೋನ್ ಮಾಡಿ ಕೇಳಿಕೊಂಡಳು, ಆಬಾಸಾಹೇಬರ ಕಾಲು ಮುಟ್ಟಿದಳು. ಅಷ್ಟರಲ್ಲಿ ಮಲ್ಲಿನಾಥ ಬಂದ. ಅವನಿಗೂ ಕೈ ಮುಗಿದಳು.

“ಗೊತ್ತಿದ್ದೋ ಗೊತ್ತಿಲ್ಲದೋ ತಪ್ಪ ಮಾಡಿದ್ರ ಕ್ಷಮಾ ಮಾಡ್ರಿ.”

“ಗೊತ್ತಿಲ್ಲದ್ದು ಬಿಡ್ರಿ. ಗೊತ್ತಿದ್ದು ಏನ ಮಾಡೀರಿ, ಅದನ್ನ ಹೇಳ್ರಿ,” ಎಂದ ನಗುತ್ತ.

“ಹೇಳೂದ ಪದ್ಧತಿ ಇಲ್ಲ.”

“ಹೇಳದ ಕ್ಷಮಾ ಮಾಡಬೇಕು? ಇದು ಭಾಳ ಸವಲತ್ತ ಆತಲ್ರಿ!”

ಅವಳು ಕೆಂಪಾದಳು. ಅವನು ಅದನ್ನು ಬೇರೆ ಕೆಂಪೆಂದು ತಿಳಿದು ತಾನೂ ಕೆಂಪಾದ. ಕರಡು ಮೇಜಿನ ಖಾನೆಯಲ್ಲಿತ್ತು. “ಇನ್ನ ಎರಡ ಗುರುವಾರ ಬೇಕಾಗತೈತಿ,” ಎಂದಳು. “ಬರತೇನಿ, ಬರತೇನಿ,” ಎಂದ. ಎರಡು ಗುರುವಾರ ಮೂರಾದವು.

ಆಯುಧಪೂಜೆಯ ದಿನವಾದ ಖಂಡೇನವಮಿ ಬಂತು. ಇಚಲಕರಂಜಿಯಲ್ಲಿ ಅಂದು ಮಗ್ಗಗಳು ನಿಲ್ಲುತ್ತವೆ. ಎಣ್ಣೆಯ ಜಿಡ್ಡು ಒರೆಸಿ, ಗೊಂಡೆಹೂವಿನ ಮಾಲೆ ಹಾಕಿ, ಲಾಳಿ, ಸ್ಪಾನರ್, ಸುತ್ತಿಗೆ ಎಲ್ಲವನ್ನೂ ದೇವಿಯ ಮುಂದೆ ಇಡುತ್ತಾರೆ. ದುಡಿಯುವ ಸಾಧನವನ್ನು ಅಂದು ಮುಚ್ಚಿಡುವುದು ಅಪಶಕುನ. ಕಾರಖಾನೆಯ ಬಾಗಿಲು ತೆರೆದಿರುತ್ತದೆ. ಓಣಿಯವರು ಒಬ್ಬರ ಮನೆಯ ಪೂಜೆಗೆ ಇನ್ನೊಬ್ಬರು ಬಂದು ಪ್ರಸಾದ ತೆಗೆದುಕೊಂಡು ಹೋಗುತ್ತಾರೆ.

ದಸರೆಯ ಮರುದಿನ ಕಂಪನಿಯ ಮ್ಯಾನೇಜರು ಆಬಾಸಾಹೇಬರಿಗೆ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ. ಜ್ಞಾನುವಿನ ಮಗ್ಗ. ಅದರ ಮೇಲೆ ಕುಂಕುಮ ಹಚ್ಚಿದ ಡಬ್ಬಿ. ಸುತ್ತ ಐವತ್ತು ಅರವತ್ತು ಜನ. ಮಲ್ಲಿನಾಥ ಬೇಕೆಂದೇ ಲಾಳಿಯ ದಾರಿ ಕೆಡಿಸುತ್ತಾನೆ, ಮಗ್ಗ ಟಕ್ಕೆಂದು ನಿಲ್ಲುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಯಾರೋ ಕೇಳುತ್ತಾರೆ, ಅವನು ಡಬ್ಬಿ ಬಿಚ್ಚಿ ಬಿಲ್ಲೆ ಎಲ್ಲಿ, ತಂತಿ ಎಲ್ಲಿ ಎಂದು ವಿವರಿಸುತ್ತಾನೆ. ಕೆಳಗೆ ಮ್ಯಾನೇಜರು ಬರೆದಿದ್ದ: ನಮಗೆ ಈಗಾಗಲೇ ಹನ್ನೊಂದು ಕಡೆಯಿಂದ ಬಂದಿದೆ.

ಜಿನಮತಿ ಫೋನನ್ನು ಮೇಜಿನ ಮೇಲೆ ಇಟ್ಟಳು.

“ಪೂಜಾನೂ ತೋರಸಿದಂಗ ಆಗತೈತಿ ಅಂತ ತಿಳೀಲಿಲ್ರಿ,” ಎಂದ ಮಲ್ಲಿನಾಥ, ಕರೆಸಿದಾಗ. ಅವಳ ಮುಖ ನೋಡಲಿಲ್ಲ.

ಆಬಾಸಾಹೇಬರು ಕಾಯ್ದೆಯ ಪುಸ್ತಕ ತಿರುವಿದರು. “ಒಂದ ಸಣ್ಣ ಕಿಟಕಿ ಐತಿ. ಪರೀಕ್ಷಾ ಮಾಡಿ ನೋಡೂದ ಸಲುವಾಗಿ ಮಂದಿ ಮುಂದ ನಡಸಿದ್ರ, ಹಂಗ ನಡಸೂದು ಅಗತ್ಯನೂ ಇದ್ರ, ವರ್ಷದೊಳಗ ಅರ್ಜಿ ಹಾಕಾಕ ಬರತೈತಿ. ಅವತ್ತ ಮಾಡಿದ್ದು ಬರೇ ಪರೀಕ್ಷಾ ಅಂತ ಪ್ರತಿಜ್ಞಾಪತ್ರ ಬರದ ಕೊಡತೀಯೇನಪ್ಪಾ? ವಿಡಿಯೋ ನಮಗ ಅಡ್ಡ ಬರತೈತಿ, ಆದ್ರೂ ಹೋರಾಡಿ ನೋಡೂಣು.”

ಮಲ್ಲಿನಾಥ ತಲೆ ಅಡ್ಡ ಆಡಿಸಿದ.

“ದೇವೀ ಮುಂದ ಕಾಯಿ ಒಡದು, ಜ್ಞಾನೂನ ಹೆಸರಲೇ ಹೂವ ಏರಿಸಿ ನಡಸೇನ್ರಿ. ಅದನ್ನ ಪರೀಕ್ಷಾ ಅಂತ ಹೆಂಗ ಆಣಿ ಮಾಡಲಿ?”

“ನಲವತ್ತ ಮಗ್ಗದ ಪ್ರಶ್ನೆ ಐತಿ,” ಎಂದಳು ಜಿನಮತಿ. ದನಿ ಅವಳಿಗೇ ಕಠೋರವಾಗಿ ಕೇಳಿತು.

“ಹೌದ್ರಿ,” ಎಂದ. “ಆದ್ರೂ ನನಗ ಆಗೂದಿಲ್ಲ.”

ಕಂಪನಿ ಹಿಂದೆ ಸರಿಯಿತು. ಎಲ್ಲರೂ ಮಾಡಬಹುದಾದ ವಸ್ತುವಿಗೆ ಅಚ್ಚು ಹಾಕಿಸುವುದಿಲ್ಲ ಎಂದು ಎರಡು ಸಾಲಿನ ಕಾಗದ ಬಂತು. ಎಲ್ಲರೂ ಮಾಡಬಹುದಾಗಿದ್ದನ್ನು ಯಾರೂ ಮಾಡಲಿಲ್ಲ.

ದೀಪಾವಳಿ ಕಳೆದು ಆರು ದಿನಕ್ಕೆ ಯಡ್ರಾವದಲ್ಲಿ ಲಾಳಿ ಹಾರಿತು. ಹಗಲು ಪಾಳಿ. ನೇಯುತ್ತಿದ್ದವನ ಹೆಸರು ಬಸಗೊಂಡ. ಬಲಗಣ್ಣು ಹೋಯಿತು. ಅವನ ಮಗ್ಗ ಆ ನಲವತ್ತರಲ್ಲಿ ಒಂದು.

ಸುದ್ದಿ ಹೇಳಿದ ಆಬಾಸಾಹೇಬರು ಕನ್ನಡಕ ಒರೆಸುತ್ತ ಕುಳಿತರು. ಜಿನಮತಿ ಖಾನೆ ತೆರೆದು ಕರಡಿನ ಮೇಲೆ ತಾನೇ ಬರೆದ ಭಾದ್ರಪದದ ತಾರೀಖನ್ನು ನೋಡಿದಳು. ಅಂದೇ ಕಳಿಸಿದ್ದರೆ ಖಂಡೇನವಮಿಗೆ ಮೂರು ವಾರ ಮೊದಲೇ ನಂಬರು ಬಂದಿರುತ್ತಿತ್ತು. ಆಮೇಲೆ ಯಾರು ಯಾರಿಗೆ ತೋರಿಸಿದ್ದರೂ ಏನೂ ಆಗುತ್ತಿರಲಿಲ್ಲ. ಬಸಗೊಂಡ ಈ ಹೊತ್ತು ಎರಡೂ ಕಣ್ಣಿನಿಂದ ತನ್ನ ನೂಲು ನೋಡುತ್ತಿರುತ್ತಿದ್ದ.

ಪುಸ್ತಕಗಳನ್ನು ಅಲ್ಲೇ ಬಿಟ್ಟು ಅವಳು ಗಡಹಿಂಗ್ಲಜದ ಬಸ್ಸು ಹತ್ತಿದಳು.

ಹದಿನೈದು ದಿನ ತಾಯಿಯ ಮನೆಯಲ್ಲಿ ಬಾಯಿ ಬಿಡದೆ ಕುಳಿತಳು. ಬಸದಿಗೂ ಹೋಗಲಿಲ್ಲ. ದೇವರ ಮುಂದೆ ನಿಂತರೆ ಹೇಳಬೇಕಾಗುತ್ತದೆ. ಹೇಳಬೇಕಾದದ್ದು ದೇವರಿಗಲ್ಲ ಎಂದು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಬಾಗಿಲಲ್ಲಿ ತಾಯಿ ಚಂಪಾಬಾಯಿಯ ದನಿ ಏರಿತು.

“ಯಾರ ಬೇಕಾಗಿತ್ತ್ರಿ?”

“ಜಿನಮತಿ ಮ್ಯಾಡಮ್ ಇದ್ದಾರೇನ್ರಿ ಆಯಿ? ಇಚಲಕರಂಜಿಯಿಂದ ಬಂದೇನಿ. ಮಲ್ಲಿನಾಥ.”

“ಓ, ಈಕಿ ಫೋನ್ಯಾಗ ಹೇಳಿದ್ದ ಉಳ್ಳಾಗಡ್ಡಿ ಇಲ್ಲದ ಭಜಿಯವರು ನೀವs ಏನು? ಬರ್ರಿ, ಕುಂಡ್ರ್ರಿ. ಯಾರ ಪೈಕಿ ನೀವು? ಮನ್ಯಾಗ ಯಾರ ಯಾರ ಅದಾರ? ಲಗ್ನ ಆಗೈತೇನು?”

“ಆಯಿ!” ಎಂದಳು ಜಿನಮತಿ ಒಳಗಿನಿಂದ. ಎಷ್ಟೋ ದಿನಗಳ ಮೇಲೆ ಅವಳ ದನಿ ಏರಿತ್ತು.

“ಕೇಳಿದ್ರ ಏನಾತ? ಬಾಯಿ ಇದ್ದದ್ದು ಕೇಳಾಕ,” ಎಂದು ಚಂಪಾಬಾಯಿ ಅಡುಗೆಮನೆಗೆ ಹೋದಳು. ಕಾಯಿ ತುರಿಯುವ ಸದ್ದು ಶುರುವಾಯಿತು.

ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕುಳಿತರು. ಅವನು ಇಳಿದುಹೋಗಿದ್ದ. ಗಡ್ಡ ಬಿಟ್ಟಿತ್ತು.

“ನಾ ಪ್ರತಿಜ್ಞಾಪತ್ರ ಕೊಡಲಿಲ್ಲಂತ ಸಿಟ್ಟೇನ್ರಿ?”

“ಇಲ್ಲ.”

“ಮತ್ತ? ಪರೀಕ್ಷಾದ ಫಾರ್ಮ್ ತುಂಬಿಲ್ಲಂತ. ನಾಡಿದ್ದ ಕಡೀ ದಿನಾ ಅಂತ ಆಬಾಸಾಹೇಬ್ರು ಅಂದ್ರು.”

“ಆ ಕೆಲಸಕ್ಕ ನಾ ತಕ್ಕಾಕಿ ಅಲ್ಲ.”

“ಯಾರ ಅಂದ್ರು?”

ಹದಿನೈದು ದಿನ ಮನಸ್ಸಿನಲ್ಲಿ ಉರುಹೊಡೆದ ಮಾತುಗಳೆಲ್ಲ ಈಗ ಬರಲಿಲ್ಲ. ಬಂದದ್ದು ಬರಿದಾಗಿ ಬಂತು.

“ಕರಡು ಭಾದ್ರಪದದಾಗ ಮುಗದಿತ್ತು. ‘ಆತು’ ಅಂತ ನಾ ಒಂದ ಮಾತ ಅಂದಿದ್ರ ಅವತ್ತ ಹೋಗತಿತ್ತು. ಅನ್ನಲಿಲ್ಲ. ಹೋದ್ರ ಗುರುವಾರ ನೀವ ಬರೂದು ನಿಲ್ಲತಿತ್ತು.”

ಒಳಗೆ ತುರಿಯುವ ಸದ್ದು ನಿಂತಿತು.

ಮಲ್ಲಿನಾಥ ಎದ್ದು ಗೇಟಿನವರೆಗೆ ಹೋದ. ಬೆನ್ನು ಇತ್ತ ಮಾಡಿ, ಗೇಟಿನ ಸರಳು ಹಿಡಿದು ನಿಂತ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಹೋಯಿತು, ಅದರ ಹಿಂದೆ ಇನ್ನೊಂದು ಹೋಯಿತು.

“ಬಸಗೊಂಡನ ಕಣ್ಣ ಹೋಗೈತಿ,” ಎಂದ.

“ಹೌದ್ರಿ.”

“ಅಷ್ಟ ಸಣ್ಣ ಮಾತಿಗೆ.”

“ನನಗ ಅದು ಸಣ್ಣದಾಗಿರಲಿಲ್ಲ.”

ಅವನು ಹೋಗಿಬಿಡುತ್ತಾನೆ ಎಂದುಕೊಂಡಳು. ಹೋಗಲಿ ಎಂದೂ ಅಂದುಕೊಂಡಳು. ಅವನು ತಿರುಗಿ ಬಂದ. ಕಟ್ಟೆಯ ಮೇಲೆ ಕೂರದೆ ಕೆಳಗಿನ ಮೆಟ್ಟಿಲ ಮೇಲೆ, ಅವಳ ಕಾಲಿನ ಸಮಕ್ಕೆ ಕುಳಿತ.

“ಪೂಜಾನೂ ತೋರಸಿದಂಗ ಅಂತ ತಿಳೀಲಿಲ್ಲ ಅಂದಿದ್ನಲ್ಲ? ಅದು ಸುಳ್ಳು. ತಿಳದಿತ್ತು.”

ಅವಳು ಅವನ ಕಡೆ ನೋಡಿದಳು.

“ನಮ್ಮವ್ವ ಪಾರುಬಾಯಿ ನಾಕ ವರ್ಷದಿಂದ ಆ ಕಾರಖಾನಿ ಹೊಸ್ತಿಲಾ ತುಳದಿರಲಿಲ್ಲ. ಮಗ್ಗದ ಸಪ್ಪಳಾ ಕೇಳಿದ್ರ ಕಿವಿ ಮುಚಗೊಳ್ಳಾಕಿ. ಅವತ್ತ ತಾನಾಗೇ ಬಂದ್ಲು. ‘ಜ್ಞಾನೂನ ಮಗ್ಗಾ ನಡಸೋ ಮಲ್ಲೂ, ನಿಂದ್ರತೈತೋ ಇಲ್ಲೋ ನೋಡತೇನಿ’ ಅಂದ್ಲು. ಓಣಿ ಮಂದಿ ಎಲ್ಲಾ ನಿಂತಿದ್ರು. ನಿಮ್ಮ ಮಾತ ನೆನಪಿತ್ತು. ಬಾಗಲಾ ಹಾಕ್ರಿ, ಹೊರಗ ಹೋಗ್ರಿ ಅನ್ನಬೇಕಾಗಿತ್ತು.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ಮಗ್ಗಾ ನಿಂತಾಗ ಅವ್ವ ನಕ್ಕಳ್ರೀ. ಇನ್ನೊಮ್ಮೆ ಅಂದ್ಲು. ನಾ ಇನ್ನೊಮ್ಮೆ ಮಾಡಿದೆ. ಆಮ್ಯಾಲೆ ಯಾರ ಏನ ಕೇಳಿದ್ರೂ ಹೇಳಕೋಂತ ಹ್ವಾದೆ.”

ಬಿಸಿಲು ಮೆಟ್ಟಿಲು ಇಳಿಯುತ್ತಿತ್ತು. ಜಿನಮತಿಗೆ ಹಗುರಾಯಿತೆಂದು ಹೇಳಲಾಗದು. ಆದರೆ ಹೊರೆಯ ಇನ್ನೊಂದು ತುದಿಯನ್ನು ಯಾರೋ ಹಿಡಿದಿದ್ದಾರೆಂದು ತಿಳಿಯಿತು.

“ನಾಳಿ ಯಡ್ರಾವಕ್ಕ ಹೋಗತೇನಿ,” ಎಂದ. “ಬಸಗೊಂಡಗ ನಂದು ನಾ ಹೇಳಬೇಕು. ನೀವ ಬರತೀರೇನು?”

“ಬರತೇನಿ.”

“ಫಾರ್ಮ್ ತುಂಬೇ ಬರ್ರಿ.”

“ಮಲ್ಲಿನಾಥ, ನನಗ ಆ ಖುರ್ಚಿ ಮ್ಯಾಲೆ ಕೂಡಾಕ—”

“ಮುಂದ ಯಾವನರ ನನ್ನಂಥವ ಗಂಟ ಕಟಗೊಂಡ ಬರತಾನ. ಅವನ ಕಾಗದಾ ಅವತ್ತಿಂದವತ್ತ ಕಳಸಾಕ ಯಾರರ ಬೇಕು. ತಡಾ ಮಾಡಿದ್ರ ಏನಾಗತೈತಿ ಅಂತ ನಿಮ್ಮಷ್ಟ ಯಾರಿಗೆ ಗೊತ್ತೈತಿ?” ಅವನ ದನಿಯಲ್ಲಿ ಕರುಣೆ ಇರಲಿಲ್ಲ. ಅದಕ್ಕಾಗಿಯೇ ಅವಳು ಆ ಮಾತನ್ನು ನಂಬಿದಳು.

ಚಂಪಾಬಾಯಿ ಬಂದು ಎರಡು ತಾಟು ಅವಲಕ್ಕಿ ಇಟ್ಟಳು. ಅವಳ ಕಣ್ಣು ಕೆಂಪಾಗಿತ್ತು. “ಹೊತ್ತ ಮುಳಗೂದರಾಗ ತಿನ್ರಿ,” ಎಂದಳು, ಇಬ್ಬರಿಗೂ ಸೇರಿಸಿ.

ಮರುದಿನ ಜಿನಮತಿ ಫಾರ್ಮ್ ತುಂಬಿಯೇ ಬಂದಳು. ಬಸಗೊಂಡನ ಮನೆ ಯಡ್ರಾವದ ಒಂದು ಸಾಲು ಖೋಲಿಗಳಲ್ಲಿ ಕೊನೆಯದು. ಬಾಗಿಲಲ್ಲಿ ಅವನ ಹೆಂಡತಿ ಯಮುನವ್ವ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದಳು.

“ಬಾ ಮಲ್ಲೂ.” ಮಲ್ಲಿನಾಥನ ಹಳೆಯ ಗುರುತಿನವಳು ಜಿನಮತಿಯನ್ನು ಮೇಲಿನಿಂದ ಕೆಳಗೆ ನೋಡಿದಳು. “ಈಕಿ ಯಾರು?”

ಮಲ್ಲಿನಾಥ ಚಪ್ಪಲಿ ಕಳಚುತ್ತಿದ್ದವನು ಹಾಗೇ ನಿಂತ.

“ಇವ್ರ ಒಪ್ಪಿದ್ರ ನಾ ಲಗ್ನಾ ಮಾಡಿಕೊಳ್ಳಾಕಿ,” ಎಂದ.

ಜಿನಮತಿ ಗಕ್ಕನೆ ಅವನ ಕಡೆ ತಿರುಗಿದಳು.

“ಅಯ್ಯ ನಿನ್ನ! ಒಪ್ಪಿಗಿ ಕೇಳಾಕ ನಿನಗ ನಮ್ಮ ಮನೀ ಬಾಗಲಾನ ಸಿಕ್ತೇನೋ?” ಯಮುನವ್ವ ನಕ್ಕಳು. ನಗು ಅರ್ಧಕ್ಕೆ ಒಡೆಯಿತು, ಸೆರಗಿನಿಂದ ಕಣ್ಣು ಒತ್ತಿಕೊಂಡಳು. “ಒಳಗ ಹೋಗ್ರಿ. ಎದ್ದ ಕುಂತಾರ.”

“ಮೊದಲ ಇವರಿಗೆ ಹೇಳೂದ ಹೇಳತೇನಿ,” ಎಂದಳು ಜಿನಮತಿ ಅವನಿಗಷ್ಟೇ ಕೇಳುವ ಹಾಗೆ. “ಅದಾದ ಮ್ಯಾಲೂ ನೀವ ಇದನ್ನ ಅಂದ್ರ, ಆಗ ನನ್ನ ಮಾತ ಕೇಳ್ರಿ.”

ಬಸಗೊಂಡನ ಮುಖದ ಬಲಭಾಗಕ್ಕೆ ಬಿಳಿಯ ಪಟ್ಟಿ ಇತ್ತು. ಅವಳು ಅವನ ಇನ್ನೊಂದು ಕಣ್ಣನ್ನು ನೋಡುತ್ತಲೇ ಎಲ್ಲ ಹೇಳಿದಳು. ಗುರುವಾರದ ಮಾತನ್ನೂ ಬಿಡಲಿಲ್ಲ. ಆಮೇಲೆ ಮಲ್ಲಿನಾಥ ಹೇಳಿದ. ಹೊರಗೆ ನೂಲು ಸುತ್ತುವ ರಾಟೆ ನಿಂತು ಬಹಳ ಹೊತ್ತಾಗಿತ್ತು.

ಬಸಗೊಂಡ ಗೋಡೆಯ ಕಡೆ ತಿರುಗಿದ.

“ಕ್ಷಮಾ ಮಾಡು ಅಂತ ಕೇಳಬ್ಯಾಡ್ರಿ. ಇವತ್ತ ನನಕಡೆ ಅದು ಇಲ್ಲ.” ಮುಖ ಇತ್ತ ತಿರುಗಿಸದೆಯೇ, “ಉಳದ ಮಗ್ಗಗೋಳಿಗೆ ಅದನ್ನ ಹಚ್ಚರಿ. ಅಲ್ಲಿ ನಮ್ಮ ಮಂದಿ ನಿಂತಾರ. ಆಮ್ಯಾಲೆ ಬರ್ರಿ, ನೋಡೂಣು,” ಎಂದ.

ಅವರು ಹೊರಗೆ ಬಂದರು. ಯಮುನವ್ವ ತಲೆ ಎತ್ತಲಿಲ್ಲ. ಓಣಿಯ ತುಂಬ ಮಗ್ಗಗಳ ಸದ್ದಿತ್ತು. ಎಷ್ಟೋ ಬಾಗಿಲುಗಳು, ಪ್ರತಿ ಬಾಗಿಲ ಒಳಗೆ ಲಾಳಿಯ ಮುಂದೆ ನಿಂತ ಯಾರೋ ಒಬ್ಬರು.

“ಒಂದೊಂದ ಡಬ್ಬಿ ಕೈಯಿಂದ ಮಾಡಬೇಕಾಗತೈತಿ,” ಎಂದ ಮಲ್ಲಿನಾಥ. “ವರ್ಷಗಟ್ಟಲೆ ಹಿಡೀತೈತಿ.”

“ತಂತಿ ಬೆಸಿಯೂದು ನನಗ ಬರತೈತಿ. ಪ್ರಯೋಗಶಾಲ್ಯಾಗ ಹುಡುಗರಿಗೆ ಕಲಿಸೇನಿ.”

ಅವರು ಮೊದಲನೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಹೋಗುವ ಮುನ್ನ ಅವನು ಅವಳ ಕಡೆ ತಿರುಗಿದ. ಮುಖದಲ್ಲಿ ನಗುವಿರಲಿಲ್ಲ, ಭಯವಿತ್ತು.

“ಯಮುನವ್ವನ ಮುಂದ ಅಂದದ್ದು ಈಗೂ ಅಂತೇನಿ.”

“ಹೂಂ,” ಎಂದಳು ಜಿನಮತಿ.

“ಹೂಂ ಅಂದ್ರ?”

“ಹೂಂ ಅಂದ್ರ ಹೂಂ ರೀ. ನಡೀರಿ ಇನ್ನ, ಪಾಳಿ ಬದಲಾಗೂದರಾಗ ಅಳತಿ ತಗೋಬೇಕು.”